ಬೀಗದ ಕೈ ಯಾರ ಹತ್ರ ಇತ್ತು? ಹಳೇ ಬರೆಯೋ ಮೇಜುಗಳ ಕಥೆ

ಭಾಗ 1

ಮನೇಲಿ ಬಟ್ಟೆ, ಒಡವೆ, ಮನೆಪತ್ರ ಎಲ್ಲಾ ಇಡೋ ಕಬ್ಬಿಣದ ಬೀರು ಇದೆ ಅಲ್ವಾ? ಆ ‘ಬೀರು’ ಅನ್ನೋ ಪದದ ತವರುಮನೆ ಫ್ರಾನ್ಸ್. ಅಲ್ಲಿ ‘ಬ್ಯೂರ್’ ಅಂದ್ರೆ ಒಂದು ಥರ ಒರಟು ಉಣ್ಣೆ ಬಟ್ಟೆ. ಲೆಕ್ಕ ಬರೆಯೋ ಮೇಜಿನ ಮೇಲೆ ಅದನ್ನ ಹಾಸ್ತಿದ್ರು. ಕ್ರಮೇಣ ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನ ಹೆಸರು ಅದಿರೋ ಕೋಣೆಗೆ ಬಂತು, ಕೋಣೆಯ ಹೆಸರು ಸರ್ಕಾರಿ ಕಚೇರಿಗೆ ಬಂತು. ಬ್ಯೂರೋಕ್ರಸಿ ಅಂತ ಪಾಠದಲ್ಲಿ ಓದಿದ್ವಲ್ಲ, ಅದು ಆ ಬಟ್ಟೆಯ ಮೊಮ್ಮಗಳು. ಇಂಗ್ಲಿಷರ ಬ್ಯೂರೋ ನಮ್ಮ ಬಾಯಲ್ಲಿ ಬೀರು ಆಯ್ತು. ದಾರಿಯಲ್ಲಿ ಬರೆಯೋ ಹಲಗೆ ಕಳಚಿ ಬಿತ್ತು, ಬೀಗ ಮಾತ್ರ ಉಳೀತು.

ಇದೇ ಥರದ್ದು ನಮ್ಮಲ್ಲೂ ಆಗಿದೆ. ಹಳೇ ಕಾಲದ ಶಾನುಭೋಗರು, ವ್ಯಾಪಾರಿಗಳು ಲೆಕ್ಕ ಬರೀತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯೋ ಕಪ್ಪು ಪುಸ್ತಕ ಅದು. ಈಗ ತಾಲ್ಲೂಕು ಕಚೇರಿಯಲ್ಲಿ ‘ಕಡತ ವಿಲೇವಾರಿ’ ಅಂತಾರಲ್ಲ, ಆ ಪದ ಇದೇ. ಅಲ್ಲೊಂದು ಬಟ್ಟೆ ಕಚೇರಿ ಆಯ್ತು, ಇಲ್ಲೊಂದು ಬಟ್ಟೆ ಫೈಲ್ ಆಯ್ತು!

ಈ ಸರಣಿ ಯುರೋಪು, ಅಮೆರಿಕದ ಹಳೇ ಮರದ ಬರೆಯೋ ಮೇಜುಗಳ ಬಗ್ಗೆ. ನಡುವೆ ಒಂದ್ಸಲ ಭಾರತಕ್ಕೂ ಬರ್ತೀವಿ. ಕ್ವೀನ್ ಆನ್, ಚಿಪ್ಪೆಂಡೇಲ್, 15ನೇ ಲೂಯಿ ಅಂತ ಶೈಲಿಗಳ ಹೆಸರು ಬರುತ್ತೆ. ಡಿಸೈನ್ ಓದ್ತಿರೋರಿಗೆ ಪರೀಕ್ಷೆಗೂ ಆದೀತು. ಆದ್ರೆ ನನಗೆ ಕಾಲಿನ ಆಕಾರಕ್ಕಿಂತ ಮುಖ್ಯ ಅನ್ಸೋದು ಎರಡೇ ಪ್ರಶ್ನೆ. ಈ ಮೇಜಿನ ಬೀಗದ ಕೈ ಯಾರ ಹತ್ರ ಇತ್ತು? ಇದರ ಮರ ಎಲ್ಲಿಂದ ಬಂತು, ಕಡಿದವರು, ಕೂಡಿಸಿದವರು ಯಾರು?

ಭಾಗ 2

ಮೊದಲು ಇದ್ದದ್ದು ಮೇಜಲ್ಲ, ಪೆಟ್ಟಿಗೆ. ಇಳಿಜಾರು ಮುಚ್ಚಳದ ಸಣ್ಣ ಮರದ ಪೆಟ್ಟಿಗೆ. ಒಳಗೆ ಕಾಗದ, ಶಾಯಿ, ಗರಿಯ ಲೇಖನಿ. ಬೇಕಾದಾಗ ಯಾವುದೋ ಮೇಜಿನ ಮೇಲಿಟ್ಟು ಬರೆಯೋದು, ಮುಗಿದ ಮೇಲೆ ಬೀಗ ಹಾಕಿ ಎತ್ತಿಡೋದು. ನಮ್ಮ ಹಳೇ ಅಂಗಡಿಗಳಲ್ಲಿ ಗುಮಾಸ್ತರು ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಇಟ್ಕೊಂಡು ಬರೆಯೋ ಇಳಿಜಾರು ಪೆಟ್ಟಿಗೆ ಇರ್ತಿತ್ತಲ್ಲ, ಅದೇ ಜಾತಿ. ನಾವು ನೆಲದ ಮೇಲೆ ಕೂರೋರು, ಹಾಗಾಗಿ ನಮ್ಮ ಪೆಟ್ಟಿಗೆಗೆ ಉದ್ದ ಕಾಲು ಬರಲಿಲ್ಲ.

ಇಂಗ್ಲೆಂಡಿನ ಪೆಟ್ಟಿಗೆಗಳಲ್ಲಿ ಹಿಂಜ್ ಇದ್ದದ್ದು ಮೇಲುಗಡೆ. ಮುಚ್ಚಳ ತೆಗೀಬೇಕು ಅಂದ್ರೆ ಅದರ ಮೇಲಿರೋದನ್ನೆಲ್ಲ ಮೊದಲು ತೆಗೀಬೇಕು. ಶಾಲೆಯ ಹಳೇ ಡೆಸ್ಕು ನೆನಪಿರೋರಿಗೆ ಈ ಕಷ್ಟ ಗೊತ್ತು. 17ನೇ ಶತಮಾನದ ಕೊನೆ ಹೊತ್ತಿಗೆ ಎರಡು ಬದಲಾವಣೆ ಆಯ್ತು. ಪೆಟ್ಟಿಗೆಯನ್ನ ಡ್ರಾಯರ್‌ಗಳ ಮೇಲೆ ಕೂರಿಸಿದ್ರು. ಹಿಂಜನ್ನ ಮೇಲಿಂದ ಕೆಳಕ್ಕೆ ತಂದ್ರು. ಈಗ ಮುಚ್ಚಳ ನಮ್ಮ ಕಡೆಗೆ ಬೀಳುತ್ತೆ. ಕೆಳಗಿಂದ ಎರಡು ಮರದ ಪಟ್ಟಿ ಎಳೆದು ಆಸರೆ ಕೊಟ್ರೆ, ಬಿದ್ದ ಮುಚ್ಚಳವೇ ಬರೆಯೋ ಹಲಗೆ. ಹಿಂದೆ ಕಾಗದ ಇಡೋ ಗೂಡುಗಳು ಕಾಣುತ್ತೆ. ಒಂದು ಹಿಂಜಿನ ಜಾಗ ಬದಲಾಗಿದ್ದಕ್ಕೆ ಹೊಸ ಪೀಠೋಪಕರಣವೇ ಹುಟ್ಟಿತು, ಅದರ ಹೆಸರೇ ಬ್ಯೂರೋ.

ಸ್ಪೇನಿನವರು ಇದಕ್ಕೂ ಮುಂಚೆಯೇ ಮುಂಭಾಗ ಕೆಳಗೆ ಬೀಳೋ ಪೆಟ್ಟಿಗೆ ಮಾಡಿದ್ರು. ಎರಡೂ ಬದಿಗೆ ಕಬ್ಬಿಣದ ಹಿಡಿ, ಹೊತ್ತುಕೊಂಡು ಹೋಗೋಕೆ. ಪೋರ್ಚುಗೀಸರು ಅದೇ ಮಾದರಿ ತಂದು ಭಾರತದ ಪಶ್ಚಿಮ ಕರಾವಳಿಯ ಬಡಗಿಗಳ ಮುಂದಿಟ್ರು. ನಮ್ಮವರು ದಂತ ಕೂರಿಸಿ, ಬಳ್ಳಿ ಹೂವು ತುಂಬಿಸಿ ವಾಪಸ್ ಕೊಟ್ರು. 16, 17ನೇ ಶತಮಾನದ ಅಂಥ ಪೆಟ್ಟಿಗೆಗಳು ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ.

ಭಾಗ 3

ಈಗ ವರ್ಸೇಲ್ಸ್ ಅರಮನೆ. ಇವತ್ತಿನ ಫೋಟೋಗಳನ್ನ ನಿಧಾನವಾಗಿ ನೋಡಿ, ಮೇಜುಗಳಲ್ಲೇ ಬಹುಶಃ ಅತಿ ಹೆಸರುವಾಸಿ ಇದು. ‘ಬ್ಯೂರೋ ದು ರ್ವಾ’, ಅಂದ್ರೆ ರಾಜನ ಮೇಜು.

1760ರಲ್ಲಿ 15ನೇ ಲೂಯಿಗಾಗಿ ಜಾನ್ ಫ್ರಾನ್ಸ್ವಾ ಓಬೆನ್ ಇದನ್ನ ಶುರು ಮಾಡಿದ. 1763ರಲ್ಲಿ ತೀರಿಕೊಂಡ. ಅವನ ಕಾರ್ಖಾನೆಯಲ್ಲಿದ್ದ ಜಾನ್ ಹಾನ್ರಿ ರೀಸ್‌ನೆ ಕೆಲಸ ಮುಂದುವರಿಸಿದ, ಓಬೆನ್‌ನ ವಿಧವೆಯನ್ನ ಮದುವೆಯೂ ಆದ. ಮೇಜು ಮುಗಿದದ್ದು 1769ರಲ್ಲಿ. ಒಂಬತ್ತು ವರ್ಷ! ನಮ್ಮ ಪ್ರಾಜೆಕ್ಟ್ ಸಬ್ಮಿಶನ್ ಎರಡು ವಾರ ತಡ ಆದ್ರೆ ಎಷ್ಟು ಬೈಸ್ಕೊಳ್ತೀವಿ ಅಂತ ಯೋಚಿಸಿ.

ಮೇಲೆ ಪೀಪಾಯಿಯ ಕಾಲುಭಾಗದ ಹಾಗೆ ದುಂಡಾದ ಮುಚ್ಚಳ. ಎಳೆದ್ರೆ ಮೇಜಿನ ಮೇಲೆ ಹರಡಿದ ಕಾಗದ ಎತ್ತದೇ ಹಾಗೇ ಮುಚ್ಚಿಹೋಗುತ್ತೆ. ಒಂದೇ ಬೀಗದ ಕೈ ಕಾಲು ಸುತ್ತು ತಿರುಗಿಸಿದ್ರೆ ಮುಚ್ಚಳವೂ ಡ್ರಾಯರ್‌ಗಳೂ ಎಲ್ಲ ಬಂದ್. ಅದಕ್ಕಿಂತ ನನಗೆ ಇಷ್ಟವಾದ ವಿವರ ಬದಿಗಳಲ್ಲಿದೆ. ಶಾಯಿಕುಡಿಕೆ ಇಡೋ ಸಣ್ಣ ಡ್ರಾಯರ್‌ಗಳು ಹೊರಗಿಂದಲೇ ತೆಗೆಯೋ ಹಾಗಿವೆ. ಸೇವಕ ಬಂದು ಶಾಯಿ ತುಂಬಿಸಿ ಹೋಗಬಹುದು, ಆದ್ರೆ ಮೇಜು ತೆರೆಯೋಕಾಗಲ್ಲ. ಒಳಗೆ ಏನು ಬರೆದಿದೆ ಅಂತ ಅವನಿಗೆ ಗೊತ್ತಾಗಲ್ಲ.

ಇಷ್ಟೊಂದು ಯಾಕೆ? 15ನೇ ಲೂಯಿ ತನ್ನದೇ ವಿದೇಶಾಂಗ ಮಂತ್ರಿಗಳಿಗೆ ಗೊತ್ತಾಗದ ಹಾಗೆ ಬೇರೆ ದೇಶಗಳ ಜೊತೆ ಗುಟ್ಟಿನ ಪತ್ರವ್ಯವಹಾರ ನಡೆಸ್ತಿದ್ದ. ಅದಕ್ಕೆ ‘ರಾಜನ ಗುಟ್ಟು’ ಅಂತಲೇ ಹೆಸರು, ಎರಡು ದಶಕಕ್ಕೂ ಹೆಚ್ಚು ಕಾಲ ನಡೀತು. ಹಗಲೆಲ್ಲ ಆಸ್ಥಾನದವರ ಕಣ್ಣೆದುರೇ ಎದ್ದು, ಉಂಡು, ಮಲಗಬೇಕಾದ ಮನುಷ್ಯನಿಗೆ ಗುಟ್ಟು ಇಟ್ಕೊಳ್ಳೋಕೆ ಕಾಲು ಸುತ್ತು ತಿರುಗೋ ಒಂದು ಬೀಗ.

ಶೈಲಿಯ ದೃಷ್ಟಿಯಿಂದಲೂ ಈ ಮೇಜು ಮಜಾ ಇದೆ. ಶುರುವಾದಾಗ ಬಾಗು ಬಳುಕಿನ ರೊಕೊಕೊ ಕಾಲ. ಮುಗಿಯೋ ಹೊತ್ತಿಗೆ ಪ್ಯಾರಿಸ್ಸಿನ ರುಚಿ ಬದಲಾಗಿ ಗ್ರೀಕ್, ರೋಮನ್ ಮಾದರಿಯ ನೇರ ಗೆರೆ ಬಂದಿತ್ತು. ಹಾಗಾಗಿ ಕಾಲುಗಳು ಹಳೇ ಥರ ಬಾಗಿವೆ, ಕಂಚಿನ ಅಲಂಕಾರದಲ್ಲಿ ಹೊಸ ರುಚಿ ಇಣುಕುತ್ತೆ. 15ನೇ ಲೂಯಿ ಶೈಲಿ ಅಂದ್ರೆ ಬಾಗಿದ ಕಾಲು, 16ನೇ ಲೂಯಿ ಶೈಲಿ ಅಂದ್ರೆ ನೇರ ಕಾಲು ಅಂತ ಗೈಡ್‌ನಲ್ಲಿ ಉರು ಹೊಡೀತೀವಿ. ಇಲ್ಲಿ ಒಂದೇ ಮೇಜಿನಲ್ಲಿ ಎರಡೂ ಕಾಲ ಕೂತಿವೆ.

ಕಥೆ ಇಲ್ಲಿಗೆ ಮುಗಿಯಲ್ಲ. ಕ್ರಾಂತಿ ಬಂತು. 1793, 94ರಲ್ಲಿ ವರ್ಸೇಲ್ಸ್‌ನ ಸಾಮಾನೆಲ್ಲ ಹರಾಜಿಗೆ ಬಂತು, 17 ಸಾವಿರಕ್ಕೂ ಹೆಚ್ಚು ಲಾಟು. ಸರ್ಕಾರ ಉಳಿಸಿಕೊಂಡ ವಸ್ತುಗಳ ಮೇಲಿಂದ ರಾಜಚಿಹ್ನೆಗಳನ್ನ ಕೀಳಬೇಕಾಯ್ತು. ಆ ಕೆಲಸಕ್ಕೆ ಕರೆದದ್ದು ಯಾರನ್ನ ಗೊತ್ತಾ? ರೀಸ್‌ನೆಯನ್ನೇ. ತಾನು ಕೂರಿಸಿದ್ದನ್ನ ತಾನೇ ಕಿತ್ತ. ಹರಾಜಿನಲ್ಲಿ ತನ್ನದೇ ಕೆಲಸದ ಕೆಲವು ವಸ್ತುಗಳನ್ನ ಅವನು ಕೊಂಡುಕೊಂಡ, ಮುಂದೆ ಒಳ್ಳೇ ಬೆಲೆ ಬರುತ್ತೆ ಅಂತ. ಬರಲಿಲ್ಲ. ಆ ರುಚಿಯೇ ಹೋಗಿತ್ತು, ಕೊಳ್ಳೋರೂ ಹೋಗಿದ್ರು. 1806ರಲ್ಲಿ ಬಡವನಾಗಿ ಸತ್ತ.

ಭಾಗ 4

ಇಂಗ್ಲೆಂಡ್. ಇಲ್ಲಿ ಶೈಲಿಗಳಿಗೆ ಮೊದಲು ರಾಣಿಯ ಹೆಸರು, ಆಮೇಲೆ ಬಡಗಿಗಳ ಹೆಸರು.

ಕ್ವೀನ್ ಆನ್ ಆಳಿದ್ದು 1702ರಿಂದ 1714. ಆಕೆ ಹೆಸರಿನ ಶೈಲಿಯ ಗುರುತು ಅಕ್ರೋಟು ಮರದ ತೆಳು ಪದರ, ಜೇನುಬಣ್ಣ, ಕೆತ್ತನೆ ಕಮ್ಮಿ, ಹದವಾಗಿ ಬಾಗಿದ ಕಾಲು. ಆದ್ರೆ 1709ರ ಭಯಂಕರ ಚಳಿಗೆ ಯುರೋಪಿನ ಅಕ್ರೋಟು ಮರಗಳು ಸತ್ತವು. 1720ರಲ್ಲಿ ಫ್ರಾನ್ಸ್ ಅಕ್ರೋಟು ದಿಮ್ಮಿ ಹೊರಗೆ ಕಳಿಸೋದನ್ನ ನಿಲ್ಲಿಸಿತು. ಮರುವರ್ಷ, 1721ರಲ್ಲಿ, ಅಮೆರಿಕ ಮತ್ತು ಕೆರಿಬಿಯನ್ ವಸಾಹತುಗಳ ಮರಕ್ಕೆ ಇಂಗ್ಲೆಂಡ್ ಸುಂಕ ತೆಗೆದುಹಾಕಿತು. ಆಗ ಬಂತು ಮಹಾಗನಿ. ಕೆಂಪು ಬಣ್ಣ, ದೊಡ್ಡ ಅಗಲ, ಸೊಟ್ಟಗಾಗಲ್ಲ, ಹುಳು ಸುಲಭಕ್ಕೆ ಹಿಡಿಯಲ್ಲ, ಸಣ್ಣ ಕೆತ್ತನೆಯೂ ನಿಲ್ಲುತ್ತೆ. ಶೈಲಿ ಬದಲಾಗೋದು ಕಲಾವಿದನ ತಲೆಯೊಳಗೆ ಮಾತ್ರ ಅಂತ ನಾವು ಅಂದ್ಕೊಳ್ತೀವಿ. ಚಳಿಯೂ ಸುಂಕದ ಕಾಯಿದೆಯೂ ಸೇರಿ ಇಂಗ್ಲೆಂಡಿನ ಮೇಜುಗಳ ಬಣ್ಣವನ್ನೇ ಬದಲಾಯಿಸಿಬಿಟ್ವು.

1754ರಲ್ಲಿ ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 160 ಚಿತ್ರಪಟಗಳ ಮಾದರಿ ಪುಸ್ತಕ ತಂದ. ಅದನ್ನ ನೋಡಿಕೊಂಡು ಲಂಡನ್ನಿನಿಂದ ಅಮೆರಿಕದ ಫಿಲಡೆಲ್ಫಿಯಾವರೆಗೂ ಬಡಗಿಗಳು ಮಾಡಿದ್ರು. ಹಾಗಾಗಿ ‘ಚಿಪ್ಪೆಂಡೇಲ್ ಮೇಜು’ ಅಂದ್ರೆ ಬಹುಪಾಲು ಅವನು ಮುಟ್ಟಿಯೂ ನೋಡದ ಮೇಜು. ಅವನದೇ ಕಾರ್ಖಾನೆಯಿಂದ ಬಂದದ್ದು ನೋಡಬೇಕಂದ್ರೆ, ಹೇರ್‌ವುಡ್ ಬಂಗಲೆಗೆ ಮಾಡಿಕೊಟ್ಟ ದೊಡ್ಡ ಗ್ರಂಥಾಲಯದ ಮೇಜು ಈಗ ಲೀಡ್ಸ್ ಊರಿನ ಟೆಂಪಲ್ ನ್ಯೂಸಮ್‌ನಲ್ಲಿದೆ.

ಉಳಿದಿಬ್ಬರ ಕಥೆ ಇನ್ನೂ ವಿಚಿತ್ರ. ಜಾರ್ಜ್ ಹೆಪಲ್‌ವೈಟ್ 1786ರಲ್ಲಿ ತೀರಿಹೋದ. ಅವನ ಪುಸ್ತಕ ತಂದದ್ದು ಹೆಂಡತಿ ಆಲಿಸ್, 1788ರಲ್ಲಿ. ಅವನು ಕೈಯಾರೆ ಮಾಡಿದ್ದು ಅಂತ ಖಚಿತವಾಗಿ ತೋರಿಸೋಕೆ ಒಂದು ಕುರ್ಚಿಯೂ ಇಲ್ಲ. ಥಾಮಸ್ ಶೆರಟನ್‌ದೂ ಅದೇ ಪಾಡು. 1791ರಿಂದ 94ರವರೆಗೆ ಕಂತುಕಂತಾಗಿ ಪುಸ್ತಕ ತಂದ, ಬಡತನದಲ್ಲೇ ಬದುಕಿ 1806ರಲ್ಲಿ ಸತ್ತ. ಹೌದು, ರೀಸ್‌ನೆ ಸತ್ತ ವರ್ಷವೇ. ಇವರಿಬ್ಬರ ಕಾಲಕ್ಕೆ ಕಾಲುಗಳು ನೇರ, ಕೆಳಗೆ ಹೋದಂತೆ ಸಣ್ಣ. ಹಳದಿ ಹೊಳಪಿನ ಸ್ಯಾಟಿನ್‌ವುಡ್ ಬಂತು. ಶೆರಟನ್‌ಗೆ ಯಂತ್ರದ ಹುಚ್ಚು ಜಾಸ್ತಿ. ಅವನ ಪುಸ್ತಕದ ಒಂದು ಮೇಜಿನಲ್ಲಿ ಬೀಗದ ಕೈ ತಿರುಗಿಸಿದ್ರೆ ಕಾಗದದ ಗೂಡುಗಳ ಒಂದು ಪೆಟ್ಟಿಗೆ ಒಳಗಿಂದ ಮೇಲಕ್ಕೇಳುತ್ತೆ!

ಭಾಗ 5

ಮಹಾಗನಿ ಎಲ್ಲಿಂದ ಬಂತು ಅಂತ ಹೇಳದೇ ಮುಂದೆ ಹೋದ್ರೆ ಮೋಸ.

ಮೊದಲು ಜಮೈಕಾದಂಥ ದ್ವೀಪಗಳಿಂದ, ಅಲ್ಲಿ ಒಳ್ಳೇ ಮರ ಕಮ್ಮಿಯಾದ ಮೇಲೆ ಮಧ್ಯ ಅಮೆರಿಕದ ಕರಾವಳಿಯಿಂದ, ಅಂದ್ರೆ ಇವತ್ತಿನ ಬೆಲೀಜ್‌ನಿಂದ. ಕಡಿದವರು ಆಫ್ರಿಕಾದಿಂದ ತಂದ ಗುಲಾಮರು.

ಮಹಾಗನಿ ತೋಪಿನ ಹಾಗೆ ಒಟ್ಟಿಗೆ ಬೆಳೆಯಲ್ಲ. ಕಾಡಲ್ಲಿ ಅಲ್ಲೊಂದು ಇಲ್ಲೊಂದು. ಹಾಗಾಗಿ ಪ್ರತಿ ಗುಂಪಿನಲ್ಲೂ ಮರ ಹುಡುಕೋದೇ ಕೆಲಸವಾದ ಒಬ್ಬ ಗುಲಾಮ ಇರ್ತಿದ್ದ. ಆಗಸ್ಟ್ ಹೊತ್ತಿಗೆ ಎಲೆಗೆ ಹಳದಿ ಕೆಂಪು ಛಾಯೆ ಬರುತ್ತೆ. ಆಗ ಅವನು ಎತ್ತರದ ಮರ ಹತ್ತಿ, ಹಸಿರು ಕಾಡಿನ ನಡುವೆ ಆ ಬಣ್ಣ ಎಲ್ಲೆಲ್ಲಿದೆ ಅಂತ ಗುರುತು ಹಾಕಿ, ಇಳಿದು, ದಾರಿ ತಪ್ಪದೇ ಅಲ್ಲಿಗೇ ಹೋಗ್ತಿದ್ದ. ಬುಡ ತುಂಬಾ ದಪ್ಪ, ಹಾಗಾಗಿ ಆಳೆತ್ತರಕ್ಕೂ ಮೇಲೆ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಕೊಡಲಿ ಹಾಕ್ತಿದ್ರು. ಬೇಸಿಗೆಯಲ್ಲಿ ಎತ್ತುಗಳಿಂದ ದಿಮ್ಮಿ ಎಳೆಸೋದು, ಅದೂ ರಾತ್ರಿ ಪಂಜಿನ ಬೆಳಕಲ್ಲಿ. ಹಗಲು ಬಿಸಿಲಿಗೆ ಎತ್ತುಗಳು ತಡೆಯಲ್ಲ ಅಂತ. ಮಳೆ ಬಂದು ಹೊಳೆ ತುಂಬಿದಾಗ ದಿಮ್ಮಿಗಳನ್ನ ತೇಲಿಬಿಡೋದು.

ಬೆಲೀಜ್ ದೇಶದ ಬಾವುಟ ಒಂದ್ಸಲ ನೋಡಿ. ನಡುವೆ ಒಂದು ಮಹಾಗನಿ ಮರ, ಎರಡು ಬದಿ ಇಬ್ಬರು ಕೆಲಸಗಾರರು, ಒಬ್ಬನ ಕೈಲಿ ಕೊಡಲಿ, ಇನ್ನೊಬ್ಬನ ಕೈಲಿ ಹುಟ್ಟು. ಮ್ಯೂಸಿಯಂನ ಚೀಟಿಯಲ್ಲಿ ‘ಮಹಾಗನಿ, ಸುಮಾರು 1760’ ಅಂತ ಒಂದು ಸಾಲಿರುತ್ತೆ. ಆ ಒಂದು ಸಾಲಿನ ಹಿಂದೆ ಇಷ್ಟೂ ಇದೆ.

ನಮ್ಮ ಕಡೆಯ ಮರದ ಕಥೆಯೂ ಚಿಕ್ಕದಾಗಿ ಹೇಳ್ಬಿಡ್ತೀನಿ. ವಿಶಾಖಪಟ್ಟಣದ ಕುಶಲಕರ್ಮಿಗಳು 18ನೇ ಶತಮಾನದಲ್ಲಿ ಕಂಪನಿಯ ಅಧಿಕಾರಿಗಳಿಗೆ ಇಂಗ್ಲಿಷ್ ಮಾದರಿಯ ಬ್ಯೂರೋ ಮಾಡಿಕೊಡ್ತಿದ್ರು. ಮರ ಬೀಟೆ ಅಥವಾ ಎಬೊನಿ, ಅಂಚಿಗೆಲ್ಲ ದಂತದ ಹೂಬಳ್ಳಿ, ದಂತದ ಮೇಲೆ ಗೀರಿದ ಗೆರೆಗೆ ಕರೀ ಅರಗು. ಆಕಾರ ಇಂಗ್ಲೆಂಡಿನದು, ಬಳ್ಳಿ ನಮ್ಮ ಚೀಟಿ ಬಟ್ಟೆಯದು. ಅದೇ ಬೀಟೆ ಮರ ನಮ್ಮ ಪಶ್ಚಿಮಘಟ್ಟದ್ದೂ ಹೌದು. ಮೈಸೂರಿನ ಇನ್‌ಲೇ ಕೆಲಸದ ತಳ ಅದು. ಅಲ್ಲೂ ಹಿಂದೆ ದಂತ ಕೂರಿಸ್ತಿದ್ರು. ದಂತದ ವ್ಯಾಪಾರ ನಿಷೇಧ ಆದಮೇಲೆ ಬಿಳಿ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಕೆಲವರು ಮೂಗು ಮುರೀತಾರೆ. ಆನೆ ಬದುಕಿರೋದು ನನಗೆ ಸಾಕು.

ಭಾಗ 6

ಗುಟ್ಟು ರಾಜರಿಗೆ ಮಾತ್ರಾನಾ? ಹೆಣ್ಣುಮಕ್ಕಳಿಗೆ?

ಜೇನ್ ಆಸ್ಟೆನ್ ಹತ್ರ ಒಂದು ಮಹಾಗನಿ ಬರೆಯೋ ಪೆಟ್ಟಿಗೆ ಇತ್ತು. 1794ರಲ್ಲಿ ಅವಳ ಅಪ್ಪ ಕೊಂಡು ತಂದದ್ದು ಅಂತ ನಂಬಿಕೆ. ತೆರೆದ್ರೆ ಇಳಿಜಾರು ಹಲಗೆ, ಒಳಗೆ ಶಾಯಿಗೆ ಜಾಗ, ಬೀಗ ಹಾಕೋ ಡ್ರಾಯರ್. 1798ರ ಅಕ್ಟೋಬರ್‌ನಲ್ಲಿ ಡಾರ್ಟ್‌ಫರ್ಡ್ ಅನ್ನೋ ಊರಿನ ಛತ್ರದಲ್ಲಿ ಇಳಿದಿದ್ದಾಗ, ಆ ಪೆಟ್ಟಿಗೆ ತಪ್ಪಿ ಬೇರೆ ಗಾಡಿಗೆ ಏರಿಬಿಟ್ಟಿತು. ಆ ಗಾಡಿ ವೆಸ್ಟ್ ಇಂಡೀಸ್ ಹಡಗಿನ ಕಡೆ ಹೊರಟಿತ್ತು! ಕುದುರೆ ಸವಾರನನ್ನ ಅಟ್ಟಿದ್ರು. ಎರಡು ಮೂರು ಮೈಲಿಯೊಳಗೆ ಸಿಕ್ಕಿತು. ಒಳಗೆ ಏಳು ಪೌಂಡ್ ಹಣ ಇತ್ತು, ಅವಳ ಬಳಿ ಇದ್ದದ್ದೇ ಅಷ್ಟು. ಹಸ್ತಪ್ರತಿ ಏನಾದ್ರೂ ಇತ್ತಾ ಅಂತ ಓದುಗರು ಇವತ್ತಿಗೂ ಎದೆ ಹಿಡ್ಕೊಂಡು ಕೇಳ್ತಾರೆ. 1999ರಿಂದ ಆ ಪೆಟ್ಟಿಗೆ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಕೋಣೆಗೆ ಬಾಗಿಲು ಹಾಕಿಕೊಂಡು ಕೂರೋ ಸ್ವಾತಂತ್ರ್ಯ ಇಲ್ಲದವರಿಗೆ ಈ ಪೆಟ್ಟಿಗೆಯೇ ಕೋಣೆ. ಶ್ರೀಮಂತ ಮನೆಯ ಹೆಂಗಸರಿಗೆ ಪ್ಯಾರಿಸ್ಸಿನಲ್ಲಿ ಅದೇ ಕಾಲಕ್ಕೆ ಸಣ್ಣ ಸಣ್ಣ ಚೆಂದದ ಮೇಜುಗಳು ಬಂದಿದ್ವು, ಪಿಂಗಾಣಿ ಬಿಲ್ಲೆ ಅಂಟಿಸಿದ್ದು, ಅಲಂಕಾರಕ್ಕೂ ಆಯ್ತು ಬರೆಯೋಕೂ ಆಯ್ತು ಅನ್ನೋ ಥರದ್ದು. ನಂಗ್ಯಾಕೋ ಅವು ಗೊಂಬೆಮನೆ ಸಾಮಾನಿನ ಹಾಗೆ ಕಾಣ್ತವೆ. ಆಸ್ಟೆನ್‌ಳ ಪೆಟ್ಟಿಗೆ ಕೆಲಸದ ಸಾಮಾನು.

ಭಾಗ 7

ಈ ಭಾಗ ಸ್ವಲ್ಪ ಉದ್ದ. ದಯವಿಟ್ಟು ಪೂರ್ತಿ ಓದಿ, ಈ ಸರಣಿ ಶುರು ಮಾಡಿದ್ದೇ ಇದಕ್ಕೋಸ್ಕರ.

1776. ಫಿಲಡೆಲ್ಫಿಯಾ. ಥಾಮಸ್ ಜೆಫರ್‌ಸನ್ ತಾನೇ ಗೀಚಿ ಕೊಟ್ಟ ನಕ್ಷೆಗೆ ಬೆಂಜಮಿನ್ ರಾಂಡಾಲ್ಫ್ ಅನ್ನೋ ಪೀಠೋಪಕರಣ ಕುಶಲಿಯಿಂದ ಒಂದು ಪುಟ್ಟ ಮೇಜು ಮಾಡಿಸಿಕೊಂಡ. ಮೇಜು ಅಂದ್ರೆ ಮಡಿಲ ಮೇಲಿಡೋ ಮಹಾಗನಿ ಪೆಟ್ಟಿಗೆ, ನಮ್ಮ ಲ್ಯಾಪ್‌ಟಾಪಿನಷ್ಟು ಉದ್ದಗಲ. ಮೇಲಿನ ಹಲಗೆ ಬಿಚ್ಚಿದ್ರೆ ಬರೆಯೋ ಜಾಗ ಎರಡರಷ್ಟು. ಬದಿಗೆ ಕಾಗದ, ಶಾಯಿ ಇಡೋ ಡ್ರಾಯರ್. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದದ್ದು ಇದರ ಮೇಲೆ. ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದವರು ಅನ್ನೋ ಆ ಮಾತು ಈ ಮಹಾಗನಿ ಮೇಲೆ ಬರೆಯಲ್ಪಟ್ಟಿತು.

ಅದೇ 1776ರಲ್ಲಿ, ವರ್ಜೀನಿಯಾದ ಮಾಂಟಿಸೆಲ್ಲೋ ಅನ್ನೋ ಜೆಫರ್‌ಸನ್‌ನ ಎಸ್ಟೇಟಿನಲ್ಲಿ ಒಂದು ಗಂಡುಮಗು ಹುಟ್ಟಿತು. ತಾಯಿ ಎಲಿಜಬೆತ್ ಹೆಮಿಂಗ್ಸ್ ಜೆಫರ್‌ಸನ್‌ನ ಗುಲಾಮಳು. ಹಾಗಾಗಿ ಮಗುವೂ ಹುಟ್ಟುತ್ತಲೇ ಅವನ ಸ್ವತ್ತು. ಹೆಸರು ಜಾನ್ ಹೆಮಿಂಗ್ಸ್. ಬೆಳೆದು ಜೇಮ್ಸ್ ಡಿನ್ಸ್‌ಮೋರ್ ಅನ್ನೋ ಐರಿಷ್ ಬಡಗಿಯ ಕೈಕೆಳಗೆ ಕೆಲಸ ಕಲಿತ. ಎಂಥ ಕೈ ಅಂದ್ರೆ, ಡಿನ್ಸ್‌ಮೋರ್ ಬಿಟ್ಟುಹೋದ ಮೇಲೆ ಮಾಂಟಿಸೆಲ್ಲೋದ ಮರಗೆಲಸದ ಕಾರ್ಖಾನೆಯೇ ಅವನ ಉಸ್ತುವಾರಿಗೆ ಬಂತು. ಜೆಫರ್‌ಸನ್ ಓಡಾಡೋ ಗಾಡಿಯ ಮರಗೆಲಸ ಅವನದ್ದು. ಓದು ಬರಹ ಬರ್ತಿತ್ತು. ದೂರದ ಇನ್ನೊಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದಾಗ ಅವನು ಜೆಫರ್‌ಸನ್‌ಗೆ ಬರೆದ ಪತ್ರಗಳು ಈಗಲೂ ಉಳಿದಿವೆ.

1825ರಲ್ಲಿ ಜೆಫರ್‌ಸನ್‌ನ ಮೊಮ್ಮಗಳು ಎಲೆನ್‌ಗೆ ಮದುವೆ ಆಯ್ತು, ಬಾಸ್ಟನ್ನಿನ ಹುಡುಗ ಜೋಸೆಫ್ ಕೂಲಿಡ್ಜ್ ಜೊತೆ. ಅವಳಿಗೋಸ್ಕರ ಜಾನ್ ಹೆಮಿಂಗ್ಸ್ ಒಂದು ಬರೆಯೋ ಮೇಜು ಮಾಡಿಕೊಟ್ಟ. ತವರಿನ ಸಾಮಾನಿನ ಜೊತೆ ಅದು ಹಡಗು ಹತ್ತಿತು. ಹಡಗು ಬಾಸ್ಟನ್ ಮುಟ್ಟಲಿಲ್ಲ. ಸಾಮಾನೆಲ್ಲ ಸಮುದ್ರಪಾಲು.

ಸುದ್ದಿ ಮಾಂಟಿಸೆಲ್ಲೋಗೆ ಬಂದಾಗ ಹೆಮಿಂಗ್ಸ್‌ಗೆ ಆದ ಸಂಕಟವನ್ನ ಜೆಫರ್‌ಸನ್ ಮೊಮ್ಮಗಳಿಗೆ ಪತ್ರದಲ್ಲಿ ವಿವರಿಸಿದ್ದಾನೆ. ರೋಮಿನ ಮಹಾಕವಿ ವರ್ಜಿಲ್‌ನ ಮಹಾಕಾವ್ಯ ಬೆಂಕಿಗೆ ಬಿದ್ದಿದ್ರೂ ಅವನು ಇಷ್ಟು ಕುಗ್ಗುತ್ತಿರಲಿಲ್ಲ ಅನ್ನೋ ಅರ್ಥದ ಮಾತು ಅಲ್ಲಿದೆ. ಹೋಲಿಕೆ ಚೆಂದ ಇದೆ. ಆದ್ರೆ ಹಾಗೆ ಹೋಲಿಸಿದವನೇ ಆ ಕವಿಯ ಯಜಮಾನ ಕೂಡ ಅನ್ನೋದು ಮರೆಯೋಕಾಗಲ್ಲ. ಕಾವ್ಯ ಕಳ್ಕೊಂಡವನಿಗೆ ಇನ್ನೊಂದು ಮಾಡ್ತೀಯಾ ಅಂತ ಜೆಫರ್‌ಸನ್ ಕೇಳಿಯೂ ನೋಡಿದ, ಆಗಲ್ಲ ಅನ್ನೋ ಉತ್ತರ ಬಂತು. ಹೆಮಿಂಗ್ಸ್‌ಗೆ ಆಗ 49 ವರ್ಷ, ಕಣ್ಣು ಮಂಜಾಗ್ತಾ ಇತ್ತು, ಅಂಥದ್ದೇ ಮತ್ತೊಂದು ಮಾಡೋದು ಅವನ ಕೈಲಾಗದು ಅನ್ನೋ ಸ್ಥಿತಿ.

ಕಳೆದುಹೋದ ಮೇಜಿನ ಬದಲಿಗೆ ಜೆಫರ್‌ಸನ್ ಏನು ಕಳಿಸಿದ ಗೊತ್ತಾ? 1776ರ ಆ ಮಹಾಗನಿ ಪೆಟ್ಟಿಗೆ. ಘೋಷಣೆ ಬರೆದದ್ದು ಇದರ ಮೇಲೆಯೇ ಅಂತ ಕೈಬರಹದಲ್ಲಿ ಬರೆದು, ಅದಕ್ಕೆ ಅಂಟಿಸಿ, ಕೂಲಿಡ್ಜ್‌ಗೆ ಉಡುಗೊರೆ ಕೊಟ್ಟ. 1880ರಲ್ಲಿ ಆ ಕುಟುಂಬ ಅದನ್ನ ದೇಶಕ್ಕೆ ಕೊಟ್ಟಿತು. ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್‌ನಲ್ಲಿ ಗಾಜಿನ ಹಿಂದೆ ಇದೆ, ಲಕ್ಷಾಂತರ ಜನ ನೋಡ್ತಾರೆ.

ಅಂದ್ರೆ, ಗುಲಾಮನೊಬ್ಬ ಮಾಡಿದ ಮೇಜಿನ ಜಾಗ ತುಂಬೋಕೆ ಅಂತಲೇ ಅಮೆರಿಕದ ಅತಿ ಪ್ರಸಿದ್ಧ ಮೇಜು ಮನೆ ಬಿಟ್ಟು ಹೊರಟಿತು. ಹೆಮಿಂಗ್ಸ್‌ನ ಮೇಜು ಮುಳುಗದೇ ಇದ್ದಿದ್ರೆ ಜೆಫರ್‌ಸನ್ ತನ್ನದನ್ನ ಹಾಗೆ ಕೊಡೋ ಸಂದರ್ಭವೇ ಬರ್ತಿರಲಿಲ್ಲ.

1826ರ ಜುಲೈ 4ರಂದು, ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್‌ಸನ್ ತೀರಿಕೊಂಡ. ಶವಪೆಟ್ಟಿಗೆ ಮಾಡಿದ್ದೂ ಜಾನ್ ಹೆಮಿಂಗ್ಸ್. ಉಯಿಲಿನಲ್ಲಿ ಅವನಿಗೆ ಬಿಡುಗಡೆ ಇತ್ತು, ಒಂದು ವರ್ಷ ಆದಮೇಲೆ, ಜೊತೆಗೆ ಅವನು ಬಳಸ್ತಿದ್ದ ಉಪಕರಣಗಳು. ಉಳಿದವರಿಗೆ? 1827ರ ಜನವರಿಯಲ್ಲಿ ಮಾಂಟಿಸೆಲ್ಲೋದಲ್ಲಿ ಹರಾಜು. ಜಾಹೀರಾತಿನಲ್ಲಿ 130 ಮನುಷ್ಯರು, ದನಕರು, ಪೀಠೋಪಕರಣ ಎಲ್ಲ ಒಟ್ಟಿಗೆ.

ಭಾಗ 8

ಹೋದ ಭಾಗಕ್ಕೆ ಬಂದ ಮೆಸೇಜುಗಳಿಗೆಲ್ಲ ಉತ್ತರ ಕೊಡ್ತಿದ್ದೀನಿ, ಸ್ವಲ್ಪ ಟೈಮ್ ಕೊಡಿ. ಈಗ 19ನೇ ಶತಮಾನ, ಬೇಗ ಬೇಗ ಹೋಗೋಣ.

ಇಂಗ್ಲೆಂಡಿನಲ್ಲಿ ಡ್ಯಾವನ್‌ಪೋರ್ಟ್ ಅನ್ನೋ ಸಣ್ಣ ಮೇಜು ಬಂತು. ಗಿಲ್ಲೋಸ್ ಅನ್ನೋ ಕಂಪನಿಗೆ ಕ್ಯಾಪ್ಟನ್ ಡ್ಯಾವನ್‌ಪೋರ್ಟ್ ಅನ್ನೋರೊಬ್ಬರು ಕೊಟ್ಟ ಆರ್ಡರ್‌ನಿಂದ ಆ ಹೆಸರು. ಮೇಲೆ ಇಳಿಜಾರು ಪೆಟ್ಟಿಗೆ, ಡ್ರಾಯರ್‌ಗಳು ಮುಂದಕ್ಕಲ್ಲ, ಪಕ್ಕಕ್ಕೆ ತೆಗೆಯೋದು. ದಂಡಿನ ಅಧಿಕಾರಿಗಳಿಗೆ ಮೂಲೆಮೂಲೆಗೆ ಹಿತ್ತಾಳೆ ಕಟ್ಟಿದ, ಎರಡು ಭಾಗ ಮಾಡಿ ಹೊರಿಸೋ ಮೇಜುಗಳು. ಇವು ಭಾರತಕ್ಕೂ ಬಹಳ ಬಂದಿವೆ.

ಅಮೆರಿಕದಲ್ಲಿ ರೈಲು, ತಂತಿ, ಅಂಚೆ ಎಲ್ಲ ಸೇರಿ ಕಾಗದದ ಪ್ರವಾಹ. 1874ರಲ್ಲಿ ಇಂಡಿಯಾನಾಪೊಲಿಸ್‌ನ ವಿಲಿಯಂ ವೂಟನ್ ಒಂದು ಮೇಜಿಗೆ ಪೇಟೆಂಟ್ ತಗೊಂಡ. ಮುಚ್ಚಿದ್ರೆ ಅಲಮಾರು. ತೆರೆದ್ರೆ ಎರಡು ಬಾಗಿಲೂ ಪುಸ್ತಕದ ಹಾಗೆ ಅಗಲವಾಗಿ ಬಿಚ್ಚಿಕೊಳ್ಳುತ್ತೆ, ನೂರಕ್ಕೂ ಹೆಚ್ಚು ಗೂಡು, ಬಾಗಿಲಲ್ಲೇ ಕಾಗದ ಹಾಕೋ ಸೀಳು. ಧನಿ ಊರಿಗೆ ಹೋದಾಗ ಒಂದು ಬೀಗ ಹಾಕಿದ್ರೆ ಇಡೀ ಕಚೇರಿ ಬಂದ್. ರಾಜನಿಗಿದ್ದ ಸೌಕರ್ಯ ನೂರು ವರ್ಷದಲ್ಲಿ ವ್ಯಾಪಾರಿಯ ಕೈಗೆ ಬಂತು ಅನ್ನಿ.

ಈ ಗೂಡುಗಳ ಲೆಕ್ಕಾಚಾರ ನಿಂತಿದ್ದು ಒಂದು ಅಭ್ಯಾಸದ ಮೇಲೆ. ಬಂದ ಕಾಗದವನ್ನ ಉದ್ದಕ್ಕೆ ಮಡಚಿ, ಹೊರಗಡೆ ಹೆಸರು ತಾರೀಕು ಬರೆದು ಗೂಡಿಗೆ ತುರುಕೋದು. ಟೈಪ್‌ರೈಟರ್ ಬಂತು, ಕಾರ್ಬನ್ ಪ್ರತಿಗಳು ಬಂದವು. 1893ರ ಚಿಕಾಗೋ ವಸ್ತುಪ್ರದರ್ಶನದಲ್ಲಿ ಕಾಗದವನ್ನ ಮಡಚದೇ ಉದ್ದುದ್ದ ನಿಲ್ಲಿಸಿ ಇಡೋ ಫೈಲ್ ಪದ್ಧತಿ ತೋರಿಸಿದ್ರು. ಮಡಚೋದೇ ನಿಂತ ಮೇಲೆ ಗೂಡು ಯಾಕೆ? ಗೂಡೇ ಇಲ್ಲದ ಮೇಲೆ ಎಳೆದು ಮುಚ್ಚೋ ದುಂಡು ಮುಚ್ಚಳ ಯಾಕೆ? 1906ರಲ್ಲಿ ಬಫಲೋ ಊರಿನ ಲಾರ್ಕಿನ್ ಕಟ್ಟಡಕ್ಕೆ ಫ್ರಾಂಕ್ ಲಾಯ್ಡ್ ರೈಟ್ ಉಕ್ಕಿನ ಮೇಜುಗಳನ್ನ ವಿನ್ಯಾಸ ಮಾಡಿದ. ತೆರೆದ ದೊಡ್ಡ ಹಾಲ್, ಸಾಲು ಸಾಲು ಮೇಜು, ಕುರ್ಚಿಯೂ ಮೇಜಿಗೇ ಜೋಡಿಸಿದ್ದು. ಗುಮಾಸ್ತ ಕುರ್ಚಿಯನ್ನ ಎರಡಿಂಚು ಆಚೆ ಎಳ್ಕೊಳ್ಳೋಕೂ ಆಗಲ್ಲ. ಕಾಗದ ಎಲ್ಲ ಕಂಪನಿಯ ಫೈಲಿಗೆ ಹೋಯ್ತು, ಬೀಗದ ಕೈ ಕಂಪನಿಯದ್ದಾಯ್ತು.

ಭಾಗ 9

ಕೊನೇ ಭಾಗ, ಕಮೆಂಟಲ್ಲಿ ಹೆಚ್ಚು ಬಂದ ಪ್ರಶ್ನೆಗೆ. ‘ನಮ್ಮ ತಾತನ ಮನೇಲಿ ಹಳೇ ಬರೆಯೋ ಮೇಜಿದೆ, ನಿಜವಾಗ್ಲೂ ಹಳೇದಾ ಅಂತ ಹೇಗೆ ತಿಳ್ಕೊಳ್ಳೋದು?’

ಹೊರಗಿನ ಕೆತ್ತನೆ ನೋಡ್ಬೇಡಿ. ಅದನ್ನ ಯಾವ ಕಾಲದಲ್ಲಿ ಬೇಕಾದ್ರೂ ಮಾಡಬಹುದು, 19ನೇ ಶತಮಾನದಲ್ಲಿ ಹಳೇ ಶೈಲಿಗಳನ್ನೆಲ್ಲ ಮತ್ತೆ ನಕಲು ಮಾಡಿದ್ರು. ಒಂದು ಡ್ರಾಯರ್ ಪೂರ್ತಿ ಹೊರಗೆ ಎಳೀರಿ. ಮೂಲೆಯಲ್ಲಿ ಎರಡು ಹಲಗೆ ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿರುತ್ತೆ. ಆ ಹಲ್ಲುಗಳು ಒಂದರ ಹಾಗೆ ಇನ್ನೊಂದಿಲ್ಲ ಅಂದ್ರೆ ಕೈಕೆಲಸ, ಅಳತೆ ಹಿಡಿದ ಹಾಗೆ ಒಂದೇ ಸಮ ಇದ್ರೆ ಹೆಚ್ಚಾಗಿ ಯಂತ್ರದ್ದು. ತಳದ ಹಲಗೆ ಮೇಲೆ ಗರಗಸದ ಗುರುತು ನೇರ ಇದ್ರೆ ಕೈಗರಗಸ, ಕಮಾನಿನ ಹಾಗೆ ಬಾಗಿದ್ರೆ ಚಕ್ರದ ಗರಗಸ, ಅಂದ್ರೆ 19ನೇ ಶತಮಾನ ಅಥವಾ ಆಮೇಲಿನದು. ಸ್ಕ್ರೂ ತುದಿ ಚೂಪಾಗಿದ್ರೆ 1840ರ ದಶಕದ ನಂತರದ್ದು, ಮುಂಚಿನವಕ್ಕೆ ತುದಿ ಮೊಂಡು. ಒಂದು ಸ್ಕ್ರೂ ನೋಡಿ ತೀರ್ಮಾನ ಮಾಡ್ಬೇಡಿ, ರಿಪೇರಿಯಲ್ಲಿ ಬದಲಾಯಿಸಿರ್ತಾರೆ. ಬ್ಯೂರೋ ಆಗಿದ್ರೆ ಒಳಗಿನ ಗೂಡುಗಳ ನಡುವೆ ಒಂದು ಸಣ್ಣ ಬಾಗಿಲು, ಅದರ ಎರಡೂ ಬದಿ ಅಲಂಕಾರಕ್ಕೆ ಅನ್ನೋ ಹಾಗೆ ಎರಡು ಕಂಬ ಇರುತ್ತೆ. ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ಹಲವು ಮೇಜುಗಳಲ್ಲಿ ಆ ಕಂಬವೇ ಒಂದು ಗುಟ್ಟಿನ ಡ್ರಾಯರ್. ಬಲವಂತ ಮಾಡಿ ಮುರಿದು ನನ್ನ ಮೇಲೆ ಹೇಳ್ಬೇಡಿ!

ಇನ್ನೊಂದು. ಪಾಲಿಶ್ ಹಾಕಿಸೋ ಮುಂಚೆ ಡ್ರಾಯರ್‌ಗಳ ತಳ, ಹಿಂಭಾಗ, ಬೀಗದ ತಗಡಿನ ಹಿಂದೆ ಎಲ್ಲ ಫೋಟೋ ತೆಗೆದಿಟ್ಕೊಳ್ಳಿ. ಯಾವ ಡ್ರಾಯರ್ ಯಾವ ಜಾಗಕ್ಕೆ ಅಂತ ಬಡಗಿ ಸೀಸದಕಡ್ಡಿಯಲ್ಲೋ ಸೀಮೆಸುಣ್ಣದಲ್ಲೋ ಹಾಕಿಕೊಂಡ ಅಂಕಿಗಳು ಅಲ್ಲಿರ್ತವೆ, ಒಮ್ಮೊಮ್ಮೆ ಹೆಸರೂ. ಉಪ್ಪುಕಾಗದ ಆಡಿಸಿದ್ರೆ ಎರಡು ನಿಮಿಷದಲ್ಲಿ ಹೋಗಿಬಿಡುತ್ತೆ.

#ಹಳೇಮೇಜು #ಇತಿಹಾಸ #ಮರಗೆಲಸ #ಕನ್ನಡದಲ್ಲಿಓದು